ಪುಸ್ತಕದ ಬದನೆಕಾಯಿ, ಹೊಲದ ಆಲೂಗಡ್ಡೆ: ಕುಲಾಂತರಿ ಬೆಳೆಗಳ ಚರಿತ್ರೆ



ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಸಾರ್, ಕುಲಾಂತರಿ ಬೆಳೆಯನ್ನು ತಿನ್ನಬಹುದೋ ಬಾರದೋ?" ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವರೂ ಕೇಳುತ್ತಾರೆ, ಅರಕಲಗೂಡಿನಲ್ಲಿ ಎರಡೆಕರೆ ಹೊಲ ಉಳುವವರೂ ಕೇಳುತ್ತಾರೆ. ಮೊದಲಿನವರ ಚಿಂತೆ ತಟ್ಟೆಯದು, ಎರಡನೆಯವರದು ಬೀಜದ್ದು. ಇವೆರಡೂ ಬೇರೆಬೇರೆ ಪ್ರಶ್ನೆಗಳು. ಇವನ್ನು ಒಂದೇ ಎಂದು ತಿಳಿದು ವಾದಿಸಿದ್ದರಿಂದಲೇ ನಮ್ಮ ದೇಶದಲ್ಲಿ ಕಾಲು ಶತಮಾನದ ಚರ್ಚೆ ಇಷ್ಟು ಗೋಜಲಾಯಿತೆಂಬುದು ನನ್ನ ಅಭಿಪ್ರಾಯ. ಆದುದರಿಂದ ವಿಷಯವನ್ನು ಚರಿತ್ರೆಯ ಕ್ರಮದಲ್ಲಿ ಬಿಡಿಸಿ ನೋಡೋಣ. ಬರಿಯ ಓದಿನ ತಿಳಿವಳಿಕೆಯನ್ನು ನಮ್ಮವರು 'ಪುಸ್ತಕದ ಬದನೆಕಾಯಿ' ಎಂದು ಹಾಸ್ಯ ಮಾಡುತ್ತಾರೆ. ಈ ಚರಿತ್ರೆಯಲ್ಲಿ ನಿಜವಾದ ಬದನೆಕಾಯಿಯೇ ಬರುತ್ತದೆ. ಆದರೆ ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಆಲೂಗಡ್ಡೆಯಿಂದ ಆರಂಭಿಸುವುದು ಸೂಕ್ತ.

ಹಾಸನಕ್ಕೆ ಬಂದ ಗಡ್ಡೆ

ಆಲೂಗಡ್ಡೆ ನಮ್ಮ ನೆಲದ್ದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿ, ಸ್ಪೇನಿನವರ ಹಡಗುಗಳಲ್ಲಿ ಯೂರೋಪನ್ನು ಸೇರಿ, ಅಲ್ಲಿಂದ ಐರೋಪ್ಯರ ಮೂಲಕ ಭಾರತಕ್ಕೆ ಬಂದದ್ದು. ಸಮುದ್ರಮಟ್ಟದಿಂದ 3000 ಅಡಿಗೂ ಎತ್ತರದಲ್ಲಿರುವ ಹಾಸನದ ತಂಪು ಹವೆಯೂ ಕೆಂಪು ಮಣ್ಣೂ ಅದಕ್ಕೆ ಒಗ್ಗಿದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮುಂಗಾರಿಗೆ ಆಲೂಗಡ್ಡೆ ಹಾಕದ ಮನೆ ಅಪರೂಪವೆನ್ನುವಂತಹ ಕಾಲವೊಂದಿತ್ತು. ನನ್ನ ತರಗತಿಯ ಎಷ್ಟೋ ಮಕ್ಕಳ ಪುಸ್ತಕ, ಸಮವಸ್ತ್ರಗಳ ಹಣ ಆಲೂಗಡ್ಡೆ ಕಿತ್ತ ಮೇಲೆಯೇ ಬರುತ್ತಿತ್ತು. ಆ ವರ್ಷ ಬೆಳೆ ಹೇಗಿತ್ತೆಂಬುದನ್ನು ಶಾಲೆಯ ಹಾಜರಿ ಪುಸ್ತಕವೇ ಹೇಳುತ್ತಿತ್ತು.

ಈ ಬೆಳೆಯ ದೊಡ್ಡ ಶತ್ರು ಅಂಗಮಾರಿ ರೋಗ. ಉತ್ತರ ಭಾರತದಲ್ಲಿ ಆಲೂಗಡ್ಡೆಯನ್ನು ಹೆಚ್ಚಾಗಿ ಚಳಿಗಾಲದಲ್ಲಿ ಬೆಳೆಯುತ್ತಾರೆ, ನಮ್ಮಲ್ಲಿ ಮಳೆಗಾಲದಲ್ಲಿ. ಬಿಡದ ಸೋನೆ, ಮೋಡ, ತಂಪು ಇವು ಕೂಡಿದರೆ ರೋಗಾಣುವಿಗೆ ಹಬ್ಬ. ಇಂದು ಎಲೆಯ ಮೇಲೆ ಕಂದು ಚುಕ್ಕೆ ಕಂಡರೆ ವಾರ ಕಳೆಯುವುದರೊಳಗೆ ಹೊಲಕ್ಕೆ ಹೊಲವೇ ಸುಟ್ಟಂತಾಗಿರುತ್ತದೆ. ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಿದ್ದಾಗ ಅಲ್ಲಿಯ ಬಡವರು ಬಹುಮಟ್ಟಿಗೆ ಒಂದೇ ತಳಿಯನ್ನು ನಂಬಿದ್ದರು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟು ಹೋದರು.

ಭಾರತದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅದು 1968ರಲ್ಲಿ ಬಿಡುಗಡೆ ಮಾಡಿದ ತಳಿ 'ಕುಫ್ರಿ ಜ್ಯೋತಿ'. ಕುಫ್ರಿ ಎಂಬುದು ಶಿಮ್ಲಾದ ಬಳಿಯ ಒಂದು ಊರು. ಅಂಗಮಾರಿಯನ್ನು ತಡೆಯುವುದೇ ಈ ತಳಿಯ ಹೆಗ್ಗಳಿಕೆಯಾಗಿತ್ತು. ನಮ್ಮ ಜಿಲ್ಲೆಯವರು ಇದನ್ನು ಎಷ್ಟು ನೆಚ್ಚಿದರೆಂದರೆ ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆಯೆಂದರೆ ಜ್ಯೋತಿ, ಜ್ಯೋತಿಯೆಂದರೆ ಆಲೂಗಡ್ಡೆ ಎನ್ನುವಂತಾಯಿತು. ಆದರೆ ರೋಗಾಣುವೂ ಸುಮ್ಮನಿರಲಿಲ್ಲ. ವರ್ಷ ವರ್ಷವೂ ರೂಪ ಬದಲಿಸುತ್ತ ಜ್ಯೋತಿಯ ರಕ್ಷಣೆಯನ್ನು ಭೇದಿಸಿತು. ಈ ಶತಮಾನದ ಮೊದಲ ದಶಕದ ಹೊತ್ತಿಗೆ ಮ್ಯಾಂಕೋಜೆಬ್ ಮುಂತಾದ ಔಷಧಿಗಳನ್ನು ಮತ್ತೆ ಮತ್ತೆ ಸಿಂಪಡಿಸಿಯೂ ಬೆಳೆ ಉಳಿಯದ ವರ್ಷಗಳು ಬಂದವು. ಸಾಲ ಮಾಡಿ ಹಾಕಿದ ಬೆಳೆ ಹೊಲದಲ್ಲೇ ಕೊಳೆತಾಗ ಅನೇಕರು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕುಫ್ರಿ ಜ್ಯೋತಿ ಕುಲಾಂತರಿ ತಳಿಯಲ್ಲ; ಹೂವಿನಿಂದ ಹೂವಿಗೆ ಪರಾಗ ಸೇರಿಸಿ ಮಾಡಿದ ಸಾಮಾನ್ಯ ಸಂಕರದ ತಳಿ. ಆದರೂ ಅದರ ರೋಗನಿರೋಧಕ ಶಕ್ತಿ ಸವೆಯಿತು. ಅದರ ಬಿತ್ತನೆಯೂ ನಮ್ಮ ಕೈಯಲ್ಲಿರಲಿಲ್ಲ. ಗಿಡಹೇನು ಕಡಿಮೆಯಿರುವ ಚಳಿಗಾಲದಲ್ಲಿ ಪಂಜಾಬಿನ ಜಲಂಧರದ ಕಡೆ ಬೆಳೆದ ಗಡ್ಡೆ ಶೀತಲಗೃಹದಲ್ಲಿದ್ದು, ಬೇಸಿಗೆಯ ಕೊನೆಗೆ ಲಾರಿಗಳಲ್ಲಿ ಹಾಸನದ ಎಪಿಎಂಸಿ ಅಂಗಳಕ್ಕೆ ಬರಬೇಕಾಗಿತ್ತು. ಅವರು ಹೇಳಿದ್ದೇ ದರ, ಕೊಟ್ಟದ್ದೇ ಗುಣಮಟ್ಟ. ಬೀಜ ಪರರ ಕೈಯಲ್ಲಿದ್ದರೆ ಏನಾಗುತ್ತದೆಂಬ ಪಾಠವನ್ನು ನಮ್ಮ ರೈತರು ಕುಲಾಂತರಿ ಎಂಬ ಶಬ್ದ ಕೇಳುವುದಕ್ಕೆ ಮೊದಲೇ ಕಲಿತಿದ್ದರು.

ರೇಷ್ಮೆ ಹುಳುವಿನಿಂದ ಹತ್ತಿಗೆ

ಹಾಗಾದರೆ ಕುಲಾಂತರಿ ಎಂದರೇನು? ಹತ್ತನೆಯ ತರಗತಿಯಲ್ಲಿ ಮೆಂಡೆಲನ ಬಟಾಣಿ ಗಿಡಗಳ ಪಾಠ ಕೇಳಿದ್ದು ನಿಮಗೆ ನೆನಪಿರಬಹುದು. ಸಂಕರದಲ್ಲಿ ಎರಡು ಗಿಡಗಳ ಸಹಸ್ರಾರು ವಂಶವಾಹಿಗಳು ಒಟ್ಟಿಗೆ ಬೆರೆಯುತ್ತವೆ, ಮತ್ತು ಆ ಗಿಡಗಳು ಹತ್ತಿರದ ಬಂಧುಗಳಾಗಿರಬೇಕು. ಕುಲಾಂತರದಲ್ಲಿಯಾದರೋ ಆರಿಸಿದ ಒಂದೆರಡು ವಂಶವಾಹಿಗಳನ್ನು ಮಾತ್ರ ಪ್ರಯೋಗಾಲಯದಲ್ಲಿ ಸೇರಿಸುತ್ತಾರೆ. ಅವು ಬೇರೆ ಕುಲದ ಜೀವಿಯಿಂದ, ಬ್ಯಾಕ್ಟೀರಿಯಾದಿಂದಲೂ ಬರಬಹುದು. ಕುಲವನ್ನು ದಾಟುವುದರಿಂದ ಕುಲಾಂತರಿ ಎಂಬ ಹೆಸರು.

ಹೆಚ್ಚು ಪ್ರಸಿದ್ಧವಾದದ್ದು ಬಿಟಿ. ಇದರ ಕಥೆ ಆರಂಭವಾಗುವುದು ರೇಷ್ಮೆಯಿಂದ. ಜಪಾನಿನ ಇಶಿವಾಟಾ ಎಂಬ ವಿಜ್ಞಾನಿ 1901ರಲ್ಲಿ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಸಾಯುವ ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಕಂಡುಹಿಡಿದರು. ಮನೆಯಲ್ಲಿ ತಟ್ಟೆಗಳಲ್ಲಿ ಹುಳು ಸಾಕಿದ ಚನ್ನರಾಯಪಟ್ಟಣದ ಕಡೆಯ ಬಂಧುಗಳಿಗೆ ಅಂತಹ ಸಾವಿನ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ. 1911ರಲ್ಲಿ ಜರ್ಮನಿಯ ಬರ್ಲಿನರ್ ಅದೇ ಬ್ಯಾಕ್ಟೀರಿಯಾವನ್ನು ಥುರಿಂಗಿಯಾ ಪ್ರಾಂತದ ಹಿಟ್ಟಿನ ಹುಳುವಿನಲ್ಲಿ ಕಂಡರು. ಆ ಪ್ರಾಂತದ ಹೆಸರಿನಿಂದ ಅದು 'ಬ್ಯಾಸಿಲಸ್ ಥುರಿಂಜಿಯೆನ್ಸಿಸ್' ಆಯಿತು. ಬಿಟಿ ಎಂಬುದು ಇದರ ಹ್ರಸ್ವರೂಪ.

ಈ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನು ಕಂಬಳಿಹುಳುವಿನ ಜಾತಿಯ ಕೀಟಗಳ ಕ್ಷಾರಯುಕ್ತ ಕರುಳಿನಲ್ಲಿ ಕರಗಿ, ಕರುಳಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿ, ಅಲ್ಲಿ ರಂಧ್ರ ಮಾಡುತ್ತದೆ. ಮನುಷ್ಯನ ಜಠರ ಆಮ್ಲಯುಕ್ತ, ಮತ್ತು ಆ ಗ್ರಾಹಕಗಳು ನಮ್ಮ ಕರುಳಿನಲ್ಲಿಲ್ಲ. ಈ ಕಾರಣದಿಂದಲೇ ಸಾವಯವ ಕೃಷಿಕರೂ ಬಿಟಿ ಪುಡಿಯನ್ನು ಬಹುಕಾಲದಿಂದ ಸಿಂಪಡಿಸುತ್ತ ಬಂದಿದ್ದಾರೆ. ಆ ಪ್ರೋಟೀನಿನ ವಂಶವಾಹಿಯನ್ನು ಗಿಡದೊಳಕ್ಕೇ ಸೇರಿಸಿದಾಗ ಬಿಟಿ ಹತ್ತಿ ಹುಟ್ಟಿತು.

ರಾಯಚೂರಿನ ಬೆಂಕಿ

ಕರ್ನಾಟಕದಲ್ಲಿ ಈ ಚರಿತ್ರೆ ಬೆಂಕಿಯಿಂದ ಆರಂಭವಾಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘವು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ 'ಬೀಜ ಸತ್ಯಾಗ್ರಹ' ನಡೆಸಿತ್ತು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಪ್ರಾಯೋಗಿಕ ಬಿಟಿ ಹತ್ತಿಯ ಗಿಡಗಳನ್ನು ಕಿತ್ತು ಸುಟ್ಟಿತು. ತಮ್ಮ ಹೊಲದಲ್ಲಿ ಏನನ್ನು ಬೆಳೆಯಲಾಗುತ್ತಿದೆಯೆಂದು ರೈತರಿಗೇ ಸರಿಯಾಗಿ ತಿಳಿಸಿಲ್ಲವೆಂಬುದು ಅವರ ಆಕ್ಷೇಪಣೆಗಳಲ್ಲಿ ಮುಖ್ಯವಾದುದು. ಗಿಡ ಸುಡುವುದು ವಿಜ್ಞಾನಕ್ಕೆ ಉತ್ತರವಲ್ಲವೆಂದು ಹಲವರು ಆಗ ಹೇಳಿದರು. ಆದರೆ ಆ ಆಕ್ಷೇಪಣೆ ವಿಜ್ಞಾನದ ಮೇಲಿನದಾಗಿರಲಿಲ್ಲ, ಗುಟ್ಟಿನ ಮೇಲಿನದಾಗಿತ್ತು.

2002ರ ಮಾರ್ಚ್ 26ರಂದು ಕೇಂದ್ರದ ಸಮಿತಿಯು ಮೂರು ಬಿಟಿ ಹತ್ತಿ ಸಂಕರ ತಳಿಗಳಿಗೆ ಒಪ್ಪಿಗೆ ನೀಡಿತು. ಆರಂಭದಲ್ಲಿ 450 ಗ್ರಾಂ ಬೀಜದ ಪೊಟ್ಟಣಕ್ಕೆ ಸುಮಾರು 1600 ರೂಪಾಯಿ. ಅದರಲ್ಲಿ ಹೆಚ್ಚಿನ ಪಾಲು ತಂತ್ರಜ್ಞಾನದ ಶುಲ್ಕ. ಆಂಧ್ರಪ್ರದೇಶ ಸರ್ಕಾರ ದೂರು ಕೊಟ್ಟ ನಂತರ 2006ರಲ್ಲಿ ಬೆಲೆ ಅರ್ಧಕ್ಕೆ ಇಳಿಯಿತು. ಆರಂಭದ ವರ್ಷಗಳಲ್ಲಿ ಹಸಿರು ಕಾಯಿಕೊರಕದ ಕಾಟ ತಗ್ಗಿತು, ಸಿಂಪಡಣೆ ಕಡಿಮೆಯಾಯಿತು, ಇಳುವರಿ ಏರಿತು. ರೈತರು ತಾವಾಗಿಯೇ ಒಪ್ಪಿಕೊಂಡರು. ಹತ್ತು ವರ್ಷಗಳೊಳಗೆ ದೇಶದ ಹತ್ತಿಯ ಶೇ. 90ರಷ್ಟು ಪ್ರದೇಶವನ್ನು ಬಿಟಿ ಆವರಿಸಿತು. ಆಮೇಲೆ ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡಿತು. ಮೊದಲ ಪೀಳಿಗೆಯ ಬಿಟಿಗೆ ಗುಜರಾತಿನಲ್ಲಿ, ಅನಂತರ ಎರಡು ವಂಶವಾಹಿಗಳ ಬಿಟಿಗೂ ಬೇರೆ ರಾಜ್ಯಗಳಲ್ಲಿ. ಔಷಧಿಯ ಡಬ್ಬಿ ಮತ್ತೆ ಹೊಲಕ್ಕೆ ಬಂತು. ಹಾಸನದ ಜ್ಯೋತಿಗೆ ಆದದ್ದೇ ರಾಯಚೂರಿನ ಹತ್ತಿಗೂ ಆಯಿತಲ್ಲವೆ? ಒಂದು ಸಂಕರದ ತಳಿ, ಇನ್ನೊಂದು ಕುಲಾಂತರಿ. ಪ್ರಕೃತಿ ಭೇದ ಮಾಡಲಿಲ್ಲ. ಒಂದೇ ಬೀಗವನ್ನು ಎಲ್ಲ ಬಾಗಿಲಿಗೂ ಹಾಕಿದರೆ, ಒಂದು ಕಳ್ಳಕೀಲಿ ಸಾಕು.

ಮಟ್ಟುಗುಳ್ಳದ ಪ್ರಸಂಗ

ಈಗ ಬದನೆಕಾಯಿ. ಹತ್ತಿಯನ್ನು ಉಡುತ್ತೇವೆ, ಬದನೆಯನ್ನು ತಿನ್ನುತ್ತೇವೆ. ಆದುದರಿಂದ ಪ್ರಶ್ನೆ ಇನ್ನೂ ಬಿಗಿಯಾಯಿತು. ಸುಳಿ ಮತ್ತು ಕಾಯಿಕೊರಕ ಹುಳುವಿಗಾಗಿ ಬದನೆಗೆ ಸಿಂಪಡಿಸುವ ವಿಷದ ಪ್ರಮಾಣ ಬೆಳೆಗಾರರೆಲ್ಲರಿಗೂ ಗೊತ್ತಿರುವುದೇ. ಅದನ್ನು ತಗ್ಗಿಸಲೆಂದು ಮಹಿಕೋ ಕಂಪನಿ ಬಿಟಿ ಬದನೆಯನ್ನು ರೂಪಿಸಿತು. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಅದೇ ವಂಶವಾಹಿಯನ್ನು ಮಲಾಪುರ, ಕುಡಚಿ, ರಬಕವಿ ಮೊದಲಾದ ಸ್ಥಳೀಯ ತಳಿಗಳಿಗೂ ಉಡುಪಿಯ ಗುಳ್ಳಕ್ಕೂ ಸೇರಿಸುವ ಕೆಲಸ ಮಾಡಿತು. ಇದು ರೈತರು ತಾವೇ ಉಳಿಸಿ ಬಿತ್ತಬಹುದಾದ ಬೀಜವಾಗಬೇಕೆಂಬುದು ಸರ್ಕಾರಿ ಸಂಸ್ಥೆ ಸೇರಿಕೊಂಡುದರ ಉದ್ದೇಶ. ಆದರೆ ಮಟ್ಟುಗುಳ್ಳವೆಂದರೆ ಸೋದೆಯ ವಾದಿರಾಜಸ್ವಾಮಿಗಳ ಹೆಸರಿನೊಡನೆ ಬೆಸೆದುಕೊಂಡ, ಉಡುಪಿ ಕೃಷ್ಣನ ಮಠಕ್ಕೆ ಸಲ್ಲುವ ಬದನೆ. 2011ರಲ್ಲಿ ಭೌಗೋಳಿಕ ಸೂಚಿಕೆಯನ್ನು ಪಡೆದ ತಳಿಯೂ ಹೌದು. ಮಟ್ಟು ಗ್ರಾಮದವರು ತಮ್ಮನ್ನು ಕೇಳಿದವರಾರು ಎಂದರು.

2009ರ ಅಕ್ಟೋಬರ್ 14ರಂದು ಸಮಿತಿಯ ಒಪ್ಪಿಗೆ ಸಿಕ್ಕಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ಕೂಡಲೇ ಸಹಿ ಹಾಕದೆ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಎಲ್ಲರೂ ಮಾತಾಡಿದರು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯ ಸರ್ಕಾರಗಳು ಅವಸರ ಬೇಡವೆಂದವು. ಮೂರು ದಿನಗಳ ನಂತರ, ಫೆಬ್ರವರಿ 9ರಂದು, ಸಚಿವರು ಬಿಡುಗಡೆಗೆ ತಡೆ ಹಾಕಿದರು. ಸ್ಥಳೀಯ ತಳಿಗಳನ್ನು ಬಳಸುವ ಮುನ್ನ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆಯಲಿಲ್ಲವೆಂಬ ದೂರು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನಿಂದ ಹೊರಟು, 2012ರಲ್ಲಿ ಧಾರವಾಡದ ನ್ಯಾಯಾಲಯದವರೆಗೂ ಹೋಯಿತು. ಅತ್ತ ಬಾಂಗ್ಲಾದೇಶವು 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು 2014ರಲ್ಲಿ 20 ರೈತರಿಂದ ಬೇಸಾಯ ಆರಂಭಿಸಿತು. ಅಲ್ಲಿ ಕೀಟನಾಶಕದ ಬಳಕೆ ಗಣನೀಯವಾಗಿ ತಗ್ಗಿತೆಂದು ಅಧ್ಯಯನಗಳು ತಿಳಿಸಿವೆ. ಇದನ್ನೂ ನಾವು ಮರೆಮಾಚಬಾರದು.

ತಟ್ಟೆಯ ಪ್ರಶ್ನೆ

ಸರಿ, ತಿನ್ನಬಹುದೋ ಬಾರದೋ? ಇದಕ್ಕೆ ಎಲ್ಲ ಕುಲಾಂತರಿ ಬೆಳೆಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಯಾವ ವಂಶವಾಹಿ, ಅದು ಯಾವ ಪ್ರೋಟೀನು ತಯಾರಿಸುತ್ತದೆ, ಆ ಪ್ರೋಟೀನು ವಿಷವೇ, ಅಲರ್ಜಿಕಾರಕವೇ, ಜೀರ್ಣವಾಗುತ್ತದೆಯೇ ಎಂದು ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಬೇಕು. ಪರೀಕ್ಷೆ ಏಕೆ ಬೇಕೆಂಬುದಕ್ಕೆ ಒಂದು ಉತ್ತಮ ಉದಾಹರಣೆಯಿದೆ. ಅಮೆರಿಕದಲ್ಲಿ ಸೋಯಾ ಅವರೆಯ ಪೌಷ್ಟಿಕತೆ ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಕಾಯಿಯ ವಂಶವಾಹಿಯನ್ನು ಸೇರಿಸಿದರು. ಆ ಕಾಯಿಗೆ ಅಲರ್ಜಿಯಿದ್ದವರಿಗೆ ಈ ಸೋಯಾ ಕೂಡ ಅಪಾಯಕರವೆಂದು ಪರೀಕ್ಷೆಯಲ್ಲಿ ಕಂಡುಬಂತು. 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು, ಬೆಳೆ ಮಾರುಕಟ್ಟೆಗೆ ಬರಲೇ ಇಲ್ಲ. 2000ದಲ್ಲಿ ಪಶು ಆಹಾರಕ್ಕೆ ಮಾತ್ರ ಅನುಮತಿಯಿದ್ದ 'ಸ್ಟಾರ್‌ಲಿಂಕ್' ಜೋಳ ಅಮೆರಿಕದಲ್ಲಿ ಮನುಷ್ಯರ ತಿನಿಸಿನಲ್ಲಿ ಬೆರೆತದ್ದು ಪತ್ತೆಯಾಗಿ ಸರಕನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದರಿಂದ ಯಾರಿಗೂ ಅಲರ್ಜಿಯಾದುದು ಸಾಬೀತಾಗಲಿಲ್ಲ. ಆದರೆ ಕಾಗದದ ಮೇಲೆ ಬೇರೆಯಾಗಿದ್ದ ಧಾನ್ಯ ಕಣಜದಲ್ಲಿ ಬೇರೆಯಾಗಿ ಉಳಿಯಲಿಲ್ಲವೆಂಬುದು ಸಾಬೀತಾಯಿತು.

ಭಯ ಹುಟ್ಟಿಸಿದ ಸಂಶೋಧನೆಗಳನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಕುಲಾಂತರಿ ಜೋಳ ತಿಂದ ಇಲಿಗಳಿಗೆ ಗೆಡ್ಡೆಗಳು ಬಂದವೆಂಬ 2012ರ ಫ್ರೆಂಚ್ ಅಧ್ಯಯನದ ಚಿತ್ರಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಇಲಿಗಳ ಸಂಖ್ಯೆ ತೀರ ಕಡಿಮೆ, ಆ ಜಾತಿಯ ಇಲಿಗಳಿಗೆ ಗೆಡ್ಡೆ ಬರುವುದೇ ಸಹಜ ಎಂಬ ಕಾರಣಗಳಿಂದ ಅದನ್ನು ಪ್ರಕಟಿಸಿದ ಪತ್ರಿಕೆಯೇ 2013ರಲ್ಲಿ ಹಿಂತೆಗೆದುಕೊಂಡಿತು. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಅದು ಮತ್ತೆ ಅಚ್ಚಾಯಿತಾದರೂ ಈ ದೋಷಗಳು ಹೋಗಲಿಲ್ಲ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸುಮಾರು 900 ಸಂಶೋಧನಾ ಪ್ರಬಂಧಗಳನ್ನು ಪರಿಶೀಲಿಸಿ, ಬಳಕೆಯಲ್ಲಿರುವ ಕುಲಾಂತರಿ ಆಹಾರದಿಂದ ಸಾಮಾನ್ಯ ಆಹಾರಕ್ಕಿಂತ ಹೆಚ್ಚಿನ ಅಪಾಯ ಕಂಡುಬಂದಿಲ್ಲವೆಂದಿತು. ಅದೇ ವರದಿ ಕೀಟಗಳೂ ಕಳೆಗಳೂ ಒಗ್ಗಿಕೊಂಡದ್ದು ದೊಡ್ಡ ಸಮಸ್ಯೆಯೆಂದೂ ಹೇಳಿದೆ. ಮೊದಲ ಮಾತನ್ನು ಒಂದು ಪಕ್ಷದವರು, ಎರಡನೆಯದನ್ನು ಇನ್ನೊಂದು ಪಕ್ಷದವರು ಉದ್ಧರಿಸುತ್ತಾರೆ. ಪೂರ್ತಿ ಓದುವವರು ವಿರಳ.

ನಮ್ಮ ಮನೆಗಳ ವಿಷಯಕ್ಕೆ ಬಂದರೆ, ಬಿಟಿ ಹತ್ತಿ ಬಂದಾಗಿನಿಂದ ಅದರ ಬೀಜದ ಎಣ್ಣೆಯೂ ಹಿಂಡಿಯೂ ಬಳಕೆಯಲ್ಲಿವೆ. ಹತ್ತಿಕಾಳಿನ ಹಿಂಡಿಯನ್ನು ನಮ್ಮ ಜಿಲ್ಲೆಯ ಹಸುಗಳೂ ತಿಂದಿವೆ, ಆ ಹಾಲನ್ನು ನಾವು ಕುಡಿದಿದ್ದೇವೆ. ಹಸುವಿನ ಹೊಟ್ಟೆಯಲ್ಲಿ ಈ ಪ್ರೋಟೀನು ಇತರ ಪ್ರೋಟೀನುಗಳಂತೆಯೇ ಜೀರ್ಣವಾಗುತ್ತದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಉಳಿಯುವುದೇ ಇಲ್ಲವೆನ್ನಬಹುದು. ಹೆದರಬೇಕಾದುದಿಲ್ಲ. ಆದರೆ ಇದನ್ನು ನಮಗಾರೂ ಹೇಳಿಯೇ ಇರಲಿಲ್ಲವೆಂಬುದು ಮಾತ್ರ ಮುಖ್ಯ.

ಬೀಜದ ಪ್ರಶ್ನೆ

ಈಗ ಮತ್ತೆ ಆಲೂಗಡ್ಡೆಗೆ ಬರೋಣ. ಮೆಕ್ಸಿಕೋದ ಒಂದು ಕಾಡು ಆಲೂಗಡ್ಡೆಯಲ್ಲಿ ಅಂಗಮಾರಿಯನ್ನು ತಡೆಯುವ 'ಆರ್‌ಬಿ' ಎಂಬ ವಂಶವಾಹಿಯಿದೆಯೆಂದು 2003ರಲ್ಲಿ ವಿಜ್ಞಾನಿಗಳು ಗುರುತಿಸಿ ಬೇರ್ಪಡಿಸಿದರು. ಅದನ್ನು ಶಿಮ್ಲಾದ ಸಂಸ್ಥೆ ನಮ್ಮ ಕುಫ್ರಿ ಜ್ಯೋತಿಗೇ ತಂದು 'ಕೆಜೆ 66' ಎಂಬ ಗಿಡವನ್ನು ರೂಪಿಸಿ ಪರೀಕ್ಷೆಗೆ ಒಡ್ಡಿದೆ. ಬ್ಯಾಕ್ಟೀರಿಯಾದಲ್ಲ, ಆಲೂಗಡ್ಡೆಯದೇ ದಾಯಾದಿಯ ವಂಶವಾಹಿ. ಖಾಸಗಿ ಕಂಪನಿಯದಲ್ಲ, ಸರ್ಕಾರದ ಸಂಸ್ಥೆಯ ಕೆಲಸ. ಅದಿನ್ನೂ ರೈತರ ಕೈಸೇರಿಲ್ಲ. ನಾಳೆ ಹಾಸನದ ಎಪಿಎಂಸಿಗೆ ಇಂತಹ ಗಡ್ಡೆ ಬಂದರೆ ನಾವು ಏನು ಹೇಳಬೇಕು? ಕುಲಾಂತರಿ ಎಂಬ ಹೆಸರನ್ನು ಕೇಳಿಯೇ ಸುಡಬೇಕೆ? ವಿಜ್ಞಾನ ಎಂಬ ಹೆಸರನ್ನು ಕೇಳಿಯೇ ಬಿತ್ತಬೇಕೆ? ಎರಡೂ ಸಲ್ಲದು.

ಬೀಜದ ಒಡೆತನದ ಜಗಳ ಕುಲಾಂತರಿಗಷ್ಟೇ ಸೇರಿದ್ದಲ್ಲ. 2019ರಲ್ಲಿ ಪೆಪ್ಸಿಕೋ ಕಂಪನಿಯು ತಾನು ನೋಂದಾಯಿಸಿದ ಚಿಪ್ಸ್ ಆಲೂಗಡ್ಡೆಯ ತಳಿಯನ್ನು ಬೆಳೆದರೆಂದು ಗುಜರಾತಿನ ಸಣ್ಣ ರೈತರ ಮೇಲೆ ಕೋಟಿ ರೂಪಾಯಿಗಳ ಮೊಕದ್ದಮೆ ಹೂಡಿ, ದೇಶವೇ ಪ್ರತಿಭಟಿಸಿದಾಗ ಹಿಂದೆಗೆದುಕೊಂಡಿತು. ಆ ತಳಿ ಕುಲಾಂತರಿಯಲ್ಲ. ರೈತರ ಪಕ್ಷಕ್ಕೆ ಬಲವಾಗಿ ನಿಂತದ್ದು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆ. ಬ್ರ್ಯಾಂಡ್ ಹೆಸರಿಲ್ಲದೆ ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ಅದು ರೈತನಿಗೆ ಕೊಟ್ಟಿದೆ. ಆ ಕಾಯಿದೆಯ 39ನೆಯ ಕಲಮನ್ನು ಓದಿಕೊಂಡಿರಿ ಎಂದು ಬೇಸಾಯದಲ್ಲಿರುವ ಶಿಷ್ಯರಿಗೆ ನಾನು ಹೇಳುತ್ತಿರುತ್ತೇನೆ.

ಚರ್ಚೆ ಮುಗಿದಿಲ್ಲ. ಕುಲಾಂತರಿ ಸಾಸಿವೆಗೆ 2022ರಲ್ಲಿ ದೊರೆತ ಒಪ್ಪಿಗೆಯ ವಿಷಯದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕನ್ನಡಿಗರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಒಪ್ಪಿಗೆಯನ್ನು ರದ್ದುಪಡಿಸಿದರೆ, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ಆದರೆ ಎಲ್ಲರನ್ನೂ ಕೇಳಿ ಒಂದು ರಾಷ್ಟ್ರೀಯ ನೀತಿಯನ್ನು ರೂಪಿಸಬೇಕೆಂಬುದರಲ್ಲಿ ಇಬ್ಬರೂ ಒಮ್ಮತದಲ್ಲಿದ್ದರು. 2025ರ ಮೇ ತಿಂಗಳಲ್ಲಿ, ಹೊರಗಿನ ವಂಶವಾಹಿ ಸೇರಿಸದೆ ಇದ್ದುದನ್ನೇ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಕುಲಾಂತರಿ ಎಂಬ ಶಬ್ದದ ಗಡಿಯೇ ಮಸುಕಾಗುತ್ತಿದೆ. ಇನ್ನು ಮುಂದೆ ಹೆಸರನ್ನು ನೋಡಿ ತೀರ್ಮಾನಿಸುವುದು ಸಾಧ್ಯವಾಗದು.

ಆದುದರಿಂದ ಯಾವುದೇ ಹೊಸ ಬೀಜ ಊರಿಗೆ ಬಂದಾಗ, ಅದು ಸಂಕರದ್ದಿರಲಿ, ಕುಲಾಂತರಿಯಿರಲಿ, ಮೂರು ಪ್ರಶ್ನೆ ಕೇಳಿರಿ. ತಿನ್ನುವವರ ಮೇಲೆ ಏನು ಪರೀಕ್ಷೆಯಾಗಿದೆ, ಆ ವರದಿಯನ್ನು ಯಾರು ಬೇಕಾದರೂ ಓದಬಹುದೇ? ಇದರ ಶಕ್ತಿ ಎಷ್ಟು ವರ್ಷ ಉಳಿದೀತು, ಸವೆದಾಗ ಕೈಯಲ್ಲಿ ಬೇರೆ ತಳಿ ಇದೆಯೇ? ಮುಂದಿನ ವರ್ಷದ ಬೀಜ ಯಾರ ಮನೆಯಲ್ಲಿರುತ್ತದೆ? ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರಿಸಬಲ್ಲದು. ಉಳಿದೆರಡಕ್ಕೆ ಹೊಲವೂ ಕಾನೂನೂ ಉತ್ತರಿಸಬೇಕು. ಜಿಲ್ಲೆಯಲ್ಲಿ ಈಗ ಅಂಗಾಂಶ ಕೃಷಿಯ ತಾಯಿಗಿಡಗಳ ಕುಡಿಗಳಿಗೆ ಬೇರು ಬರಿಸಿ, ಆ ಸಸಿಗಳಿಂದ ಬಿತ್ತನೆ ಗಡ್ಡೆಯನ್ನು ಇಲ್ಲಿಯೇ ಬೆಳೆದುಕೊಳ್ಳುವ ಪ್ರಯತ್ನ ನಡೆದಿರುವುದು ಮೂರನೆಯ ಪ್ರಶ್ನೆಗೆ ಒಳ್ಳೆಯ ಉತ್ತರದ ಆರಂಭವೆಂದು ನನಗನ್ನಿಸುತ್ತದೆ.

ನಿಮ್ಮ ಮನೆಯಲ್ಲಿ ಹಿರಿಯರು ಉಳಿಸಿಕೊಂಡು ಬಂದ ರಾಗಿ, ಅವರೆ, ಬದನೆ ಯಾವುದಾದರೂ ಬೀಜವಿದ್ದರೆ ಅದರ ಹೆಸರು, ಗುಣಗಳನ್ನು ನನಗೆ ಬರೆದು ತಿಳಿಸಿರಿ. ಪಟ್ಟಿ ಮಾಡಿಡುತ್ತೇನೆ.